ತೂತು ಚಿಕ್ಕದು, ಲೆಕ್ಕ ದೊಡ್ಡದು

ಬಟ್ಟೆ ಅಂಗಡಿಯವರು ಎರಡು ಮೀಟರ್ ಕಾಟನ್ ಬಟ್ಟೆ ಕೊಡೋದನ್ನು ಗಮನಿಸಿದ್ದೀರಾ? ಅಂಚಿಗೆ ಕತ್ತರಿಯಿಂದ ಸಣ್ಣದೊಂದು ಕಚ್ಚು ಹಾಕಿ ಎಳೆದರೆ ಸಾಕು, ಪರ್ರ್ ಅಂತ ಹರಿಯುತ್ತೆ. ಕಚ್ಚಿಲ್ಲದೆ ಎಳೆದು ನೋಡಿ, ಬೆವರು ಬಂದರೂ ಜಗ್ಗಲ್ಲ. ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದು ಹೊಸದಲ್ಲ. ಆದರೆ ಪಕ್ಕದ ದೇವನಹಳ್ಳಿಯಲ್ಲಿ ಇಳಿಯುವ ವಿಮಾನಗಳಿಗೂ ಇದೇ ಸಮಸ್ಯೆ ಇದೆ.

ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ, ನಮ್ಮ ತೇಜಸ್‌ನ ಒಡಲಿನಲ್ಲಿ ಸುಮಾರು ಶೇ. 45 ಕಾಂಪೊಸಿಟ್. ಅಂದ್ರೆ, ಹೆಚ್ಚಾಗಿ ಕಾರ್ಬನ್ ಎಳೆಗಳನ್ನು ಪದರ ಪದರವಾಗಿ ಜೋಡಿಸಿ, ರೆಸಿನ್ ಎಂಬ ಅಂಟಿನಲ್ಲಿ ಗಟ್ಟಿ ಮಾಡಿದ ಹಲಗೆ. ಬೋಲ್ಟ್ ಹಾಕಬೇಕಂದ್ರೆ ಅದಕ್ಕೆ ತೂತು ಕೊರೆಯಲೇಬೇಕು.

ಎಳೆಗಳನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಾಕಿದ ಅಗಲವಾದ ಹಲಗೆಯನ್ನು ಎಳೆದಾಗ, ದುಂಡು ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತೆ. ತೂತು 2 ಮಿ.ಮೀ. ಇರಲಿ, 20 ಮಿ.ಮೀ. ಇರಲಿ, ಮೂರೇ ಪಟ್ಟು. ಹಾಗಾದ್ರೆ ಎರಡೂ ಒಂದೇ ಭಾರಕ್ಕೆ ಮುರೀಬೇಕು ತಾನೇ? ಇಲ್ಲ, ದೊಡ್ಡ ತೂತಿನದ್ದೇ ಮೊದಲು ಹೋಗುತ್ತೆ.

ಯಾಕೆ? ಚಿಕ್ಕ ತೂತಿನ ಸುತ್ತ ಸ್ಟ್ರೆಸ್ ತುಂಬಾ ಕಡಿಮೆ ಜಾಗದಲ್ಲೇ ಇಳಿದುಬಿಡುತ್ತೆ. ಅಲ್ಲಿ ಅಂಟು ಸ್ವಲ್ಪ ಬಿರುಕು ಬಿಟ್ಟರೂ ಪಕ್ಕದ ಎಳೆಗಳು ಭಾರ ಹಂಚಿಕೊಳ್ತವೆ. ದೊಡ್ಡ ತೂತಿನಲ್ಲಿ ಸ್ಟ್ರೆಸ್ ದೂರದವರೆಗೂ ಹರಡಿರುತ್ತೆ. ಕೈ ಜೋಡಿಸಬೇಕಾದ ಅಕ್ಕಪಕ್ಕದ ಎಳೆಗಳೂ ಆಗಲೇ ಸುಸ್ತಾಗಿರುತ್ತವೆ.

1974ರಲ್ಲಿ ವಿಟ್ನಿ ಮತ್ತು ನ್ಯೂಸ್ಮರ್ ಒಂದು ಸರಳ ಉಪಾಯ ಕೊಟ್ಟರು. ಅಂಚಿನಲ್ಲಲ್ಲ, ಅಂಚಿನಿಂದ ಸ್ವಲ್ಪ ದೂರದಲ್ಲಿ ಸ್ಟ್ರೆಸ್ ನೋಡಿ. ಅಲ್ಲಿ ಅದು ತೂತಿಲ್ಲದ ಹಲಗೆಯ ತಾಕತ್ತನ್ನು ಮುಟ್ಟಿದರೆ ಹಲಗೆ ಮುರಿಯುತ್ತೆ. ಆ ದೂರ 1 ಮಿ.ಮೀ. ಅಂತಿಟ್ಟು ಲೆಕ್ಕ ಹಾಕಿ: 2 ಮಿ.ಮೀ. ತೂತಿದ್ದರೆ ಸುಮಾರು ಶೇ. 80 ತಾಕತ್ತು ಉಳಿಯುತ್ತೆ, 20 ಮಿ.ಮೀ. ಆದ್ರೆ ಸುಮಾರು ಶೇ. 40 ಮಾತ್ರ.

ಆದ್ರೆ ಆ 1 ಮಿ.ಮೀ. ಬಂದಿದ್ದೆಲ್ಲಿಂದ? ತೂತು ಕೊರೆದ ತುಂಡುಗಳನ್ನು ಯಂತ್ರದಲ್ಲಿ ಎಳೆದು, ಮುರಿದು ಕಂಡುಕೊಂಡದ್ದು. ನಮ್ಮ ಕೋಡ್‌ನಲ್ಲಿ ಯಾರೋ ಬರೆದಿಟ್ಟ ಮ್ಯಾಜಿಕ್ ನಂಬರ್ ಥರ. ಎಳೆಗಳ ದಿಕ್ಕು, ಪದರದ ದಪ್ಪ, ರೆಸಿನ್ ಬದಲಾದ್ರೆ ಅದೂ ಬದಲಾಗಬಹುದು. ಹಳೇ ನಂಬರನ್ನೇ ಕಾಪಿ ಮಾಡಿದ್ರೆ ಉತ್ತರ ನೀಟಾಗೇ ಬರುತ್ತೆ, ಹಲಗೆ ಮಾತ್ರ ಒಪ್ಪಲ್ಲ.

ಈಗ ಒಂದೊಂದು ಪದರದ ಬಿರುಕನ್ನೂ ಹಿಂಬಾಲಿಸುವ ಕಂಪ್ಯೂಟರ್ ಮಾದರಿಗಳಿವೆ. ಆದರೂ ವಿಮಾನ ಕಟ್ಟುವವರು ತುಂಡು ಮುರಿದು ನೋಡೋದನ್ನು ಬಿಟ್ಟಿಲ್ಲ. ಮುಂದಿನ ಸಲ ಕಿಟಕಿ ಸೀಟಿನಿಂದ ರೆಕ್ಕೆ ಬಾಗೋದು ಕಂಡರೆ ಹೆದರಬೇಡಿ. ನೀವು ಹತ್ತೋಕೆ ಮುಂಚೆ ಎಷ್ಟೋ ತುಂಡುಗಳು ಲ್ಯಾಬ್‌ನಲ್ಲಿ ಮುರಿದಿವೆ.