ಮೊದಲು ಜಗಲಿ, ಆಮೇಲೆ ಕಬಿನಿ

ನಮ್ಮ ಸಾಫ್ಟ್‌ವೇರ್ ಮಂದಿಗೆ ಫೋಟೋಗ್ರಫಿ ಹುಚ್ಚು ಹತ್ತುವುದೇ ಅಂಗಡಿಯಲ್ಲಿ. ಬೋನಸ್ ಬರ್ತದೆ, ಇಎಂಐಯಲ್ಲಿ ಡಿಎಸ್‌ಎಲ್‌ಆರ್ ಬರ್ತದೆ, ಮುಂದಿನ ಶನಿವಾರ ಕಬಿನಿ. ನಾನೂ ಹೀಗೇ ಶುರು ಮಾಡಿದವನು. ಬಯ್ಯುವುದಾದ್ರೆ ಮೊದಲು ನನ್ನನ್ನೇ ಬಯ್ಯಬೇಕು.

'ಒಳ್ಳೆ ಫೋಟೋಕ್ಕೆ ಒಳ್ಳೆ ಜಾಗ ಬೇಕು' ಅಂತಾರೆ. ಸುಳ್ಳು ಮಾರಾಯ್ರೆ! ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳಿಗಾಗಿಯೇ ಕಾದು ಕೂತವರು. ಆಗ ರೋಲಿಗೆ 36 ಫ್ರೇಮು. ನೋಡದೆ ಒತ್ತಿದರೆ ದಂಡ. ನಾವು ಒಂದು ಜಿಂಕೆಗೆ 300 ಸಲ ಒತ್ತುತ್ತೇವೆ.

ನಮ್ಮ ಮನೆ ಶಂಕರಪುರ. ಅಜ್ಜಿ ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಬಾಳೆನಾರಲ್ಲಿ ಕಟ್ಟುತ್ತಿದ್ದರು. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಬೆರಳುಗಳ ಫೋಟೋ ನಾನು ಒಮ್ಮೆಯೂ ತೆಗೆಯಲಿಲ್ಲ. ಮನೆಯವರಲ್ವಾ, ಯಾವಾಗ ಬೇಕಾದ್ರೂ ತೆಗೆಯಬಹುದು ಅಂತ.

ಅವರು ತೀರಿಕೊಂಡಾಗ ಚೌಕಟ್ಟಿಗೆ ಹಾಕಲು ಸಿಕ್ಕಿದ್ದು ಆಧಾರ್ ಕಾರ್ಡಿನ ಮಸುಕು ಮುಖ. ಅದಕ್ಕೆ ಹಾಕಿದ ಮಲ್ಲಿಗೆ ಮಾತ್ರ ನಮ್ಮ ಗಿಡದ್ದೇ.

ಹವ್ಯಾಸ ಶುರು ಮಾಡ್ಬೇಕಾ? ಕೈಯಲ್ಲಿರುವ ಮೊಬೈಲ್ ಸಾಕು. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಶುರು ಮಾಡಿ.