ನಾಲಿಗೆ ಕಲಿಯಬೇಕಾದ ಜರ್ಮನ್

ಜರ್ಮನ್ ಭಾಷೆಯಲ್ಲಿ ರಾತ್ರಿಗೆ 'ನಖ಼್ಟ್' ಎನ್ನುತ್ತಾರೆ. ಬೆತ್ತಲೆ ಎಂಬುದಕ್ಕೆ 'ನಕ್ಟ್' ಎನ್ನುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ, ಗಂಟಲಿನಲ್ಲಿ ಉಜ್ಜಿಕೊಂಡು ಹೊರಬರುವ ಒಂದಿಷ್ಟು ಗಾಳಿ. ಆ ಗಾಳಿಯನ್ನು ಪೂರ್ತಿ ತಡೆದುಬಿಟ್ಟರೆ ಶುಭರಾತ್ರಿ ಹೇಳಹೊರಟವನು ಬೇರೇನನ್ನೋ ಹೇಳಿರುತ್ತಾನೆ. ಕೇಳಿದವರು ನಗುತ್ತಾರೆ, ಹೇಳಿದವನು ಮರುದಿನದಿಂದ ಬಾಯಿಯನ್ನೇ ಬಿಡುವುದಿಲ್ಲ. ಭಾಷೆ ಕಲಿಯುವವರಿಗೆ ಈ ಮೌನವೇ ದೊಡ್ಡ ನಷ್ಟ.

ಇಂದು ಈ ನಷ್ಟದ ಅಂಚಿನಲ್ಲಿರುವವರ ಸಂಖ್ಯೆ ಸಣ್ಣದಲ್ಲ. 2022-23ರಲ್ಲಿ ಜರ್ಮನಿಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 43 ಸಾವಿರ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಮೊದಲ ಸ್ಥಾನ ಆ ವರ್ಷ ಚೀನಾವನ್ನು ದಾಟಿ ಭಾರತಕ್ಕೆ ಬಂತು. ಓದಲು, ದಾದಿಯರಾಗಲು, ಕಾರ್ಖಾನೆಗಳಲ್ಲಿ ದುಡಿಯಲು ಹೊರಟವರು ಇಲ್ಲಿಯೇ ತರಗತಿಗೆ ಸೇರಿ ವ್ಯಾಕರಣ ಕಲಿಯುತ್ತಾರೆ, ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಉಚ್ಚಾರ ಮಾತ್ರ ತಾನಾಗಿಯೇ ಬರುತ್ತದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ಅದು ತಾನಾಗಿ ಬರುವುದಿಲ್ಲ. ಇದಕ್ಕೆ ವೈಜ್ಞಾನಿಕ ಕಾರಣವಿದೆ.

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾದುದು. ಇಂಗ್ಲಿಷ್ ಮನೆಮಾತಿನ ಹಸುಗೂಸುಗಳಿಗೆ ಅವರು ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಸುಲಭವಾಗಿ ಬೇರೆಬೇರೆ ಎಂದು ಗುರುತಿಸಿದವು. ಹತ್ತು-ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಅಂದರೆ ಮಗು ಮೊದಲ ಮಾತು ಆಡುವ ಮುನ್ನವೇ ಅದರ ಕಿವಿ ಮನೆಮಾತಿಗೆ ಒಗ್ಗಿಕೊಂಡಿರುತ್ತದೆ. ಮನೆಮಾತಿನಲ್ಲಿ ಇಲ್ಲದ ಧ್ವನಿಯನ್ನು ನಮ್ಮ ಮೆದುಳು ತನಗೆ ಗೊತ್ತಿರುವ ಹತ್ತಿರದ ಧ್ವನಿಯ ಖಾನೆಗೆ ಹಾಕಿಬಿಡುತ್ತದೆ. 'ನಖ಼್ಟ್' ಎಂದದ್ದು 'ನಕ್ಟ್' ಎಂದು ಕೇಳಿಸುವುದು ಹೀಗೆ.

ಹಾಗೆಂದು ಬಾಗಿಲು ಮುಚ್ಚಿಹೋಗಿಲ್ಲ. ಜಪಾನಿಯರಿಗೆ ಇಂಗ್ಲಿಷಿನ 'ರ' ಮತ್ತು 'ಲ' ಬೇರೆ ಮಾಡುವುದು ಕಷ್ಟ. ಅಮೆರಿಕದಲ್ಲಿ ಲೋಗನ್, ಲೈವ್ಲಿ ಮತ್ತು ಪಿಸೋನಿ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಯಸ್ಕ ಜಪಾನಿಯರಿಗೆ ಹಲವು ಜನರ ಕಂಠದಲ್ಲಿ ಈ ಪದಜೋಡಿಗಳನ್ನು ಕೇಳಿಸಿ, ಸರಿ-ತಪ್ಪು ತಿಳಿಸುತ್ತಾ ಬಂದರು. ಅವರ ಕಿವಿ ಸುಧಾರಿಸಿತು. ಇಂಥ ತರಬೇತಿಯಿಂದ ಉಚ್ಚಾರವೂ ಸುಧಾರಿಸುತ್ತದೆಂದು ನಂತರದ ಪ್ರಯೋಗಗಳು ತೋರಿಸಿದವು. ಆದ್ದರಿಂದ ಮೊದಲ ಪಾಠ ಕಿವಿಗೆ, ಎರಡನೆಯದು ನಾಲಿಗೆಗೆ.

ನಾಲಿಗೆಯ ಪಾಠದಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಧ್ವನಿಗಳನ್ನು ಹುಟ್ಟುವ ಸ್ಥಾನದ ಪ್ರಕಾರ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಜೋಡಿಸಿದ ವರ್ಣಮಾಲೆ ಅವರಿಗೆ ಒಂದನೇ ತರಗತಿಯಿಂದಲೇ ಗೊತ್ತು. ಜರ್ಮನ್ ಕಲಿಯುವವರನ್ನು ಹೆಚ್ಚು ಕಾಡುವುದು 'ಸಿ-ಎಚ್' ಎಂದು ಬರೆಯುವ ಜೋಡಿ ಅಕ್ಷರ. ಅದಕ್ಕೆ ಎರಡು ಧ್ವನಿಗಳಿವೆ: ಒಂದು ತಾಲವ್ಯ, ಇನ್ನೊಂದು ಕಂಠ್ಯ.

ತಾಲವ್ಯ ಧ್ವನಿ 'ನಾನು' ಎಂಬ ಅರ್ಥದ 'ಇಹ್ಯ್' ಪದದಲ್ಲಿದೆ. ಇದನ್ನು ಸಾಧಿಸುವ ಉಪಾಯ ಸರಳ. 'ಈ' ಎಂದು ಎಳೆಯುತ್ತಾ ನಾಲಿಗೆಯನ್ನು ಅಲ್ಲಾಡಿಸದೆ ಧ್ವನಿಯನ್ನು ನಿಲ್ಲಿಸಿ, ಗಾಳಿಯನ್ನು ಮಾತ್ರ ಜೋರಾಗಿ ಬಿಡಬೇಕು. ಸಿಟ್ಟಾದ ಬೆಕ್ಕಿನ ಮೆಲುಸದ್ದಿನಂಥದೊಂದು ಕೇಳಿಸುತ್ತದೆ. ಇದು 'ಶ' ಆಗಬಾರದು. ಕನ್ನಡಿಯ ಮುಂದೆ ನಿಂತರೆ ತಪ್ಪು ತಿಳಿಯುತ್ತದೆ: ಜರ್ಮನ್ 'ಶ'ಕಾರಕ್ಕೆ ತುಟಿಗಳು ಮುಂದೆ ಚಾಚಿಕೊಳ್ಳುತ್ತವೆ, 'ಹ್ಯ್'ಗೆ ನಸುನಕ್ಕಂತೆ ಅಗಲವಾಗುತ್ತವೆ. 'ಕಿರ್ಹ್ಯೆ' ಎಂದರೆ ಚರ್ಚು, 'ಕಿರ್ಶೆ' ಎಂದರೆ ಚೆರ್ರಿ ಹಣ್ಣು.

ಕಂಠ್ಯ ಧ್ವನಿ 'ಪುಸ್ತಕ' ಎಂಬ ಅರ್ಥದ 'ಬೂಖ಼್' ಪದದಲ್ಲಿದೆ. ಉರ್ದು ಮನೆಮಾತಿನ ಗೆಳೆಯರು 'ಖ಼ಬರ್', 'ಬುಖ಼ಾರ್' ಎನ್ನುವುದನ್ನು ಗಮನವಿಟ್ಟು ಕೇಳಿದರೆ ಸಾಕು, ಗುರು ಪಕ್ಕದ ಬೆಂಚಿನಲ್ಲೇ ಸಿಗುತ್ತಾನೆ. ಸಂಸ್ಕೃತ ವೈಯಾಕರಣರು 'ಅಂತಃಕರಣ'ದಂಥ ಪದಗಳಲ್ಲಿ ಕಕಾರದ ಹಿಂದೆ ಬರುವ ವಿಸರ್ಗವನ್ನು ಜಿಹ್ವಾಮೂಲೀಯ, ಅಂದರೆ ನಾಲಿಗೆಯ ಬುಡದಲ್ಲಿ ಹುಟ್ಟುವಂಥದು, ಎಂದು ಕರೆದರು. ಅದೂ ಇದರ ಹತ್ತಿರದ ನೆಂಟನೇ. 'ಕ್' ಎನ್ನುವಾಗ ನಾಲಿಗೆಯ ಹಿಂಭಾಗ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಂಟಲು ಬಿಡದೆ ಕೂದಲೆಳೆಯಷ್ಟು ಸಂದು ಇರಿಸಿದರೆ 'ಖ಼್' ಬರುತ್ತದೆ.

ಯಾವುದನ್ನು ಎಲ್ಲಿ ಬಳಸಬೇಕು? ಅ, ಒ, ಉ, ಔ ಸ್ವರಗಳ ನಂತರ ಕಂಠ್ಯ. ಇ, ಎ ಮುಂತಾದ ಸ್ವರಗಳ ನಂತರವೂ ಲ, ನ, ರ ವ್ಯಂಜನಗಳ ನಂತರವೂ ತಾಲವ್ಯ. ಇದನ್ನು ಉರುಹೊಡೆಯಬೇಕಾಗಿಲ್ಲ. 'ಇ' ಎನ್ನುವಾಗ ನಾಲಿಗೆ ಆಗಲೇ ತಾಲುವಿನ ಬಳಿ ಇರುತ್ತದೆ, 'ಉ' ಎನ್ನುವಾಗ ಹಿಂದಕ್ಕೆ ಸರಿದಿರುತ್ತದೆ. ಹತ್ತಿರದ ಸ್ಥಾನವನ್ನೇ ಧ್ವನಿ ಹಿಡಿಯುತ್ತದೆ, ಅಷ್ಟೆ. ಒಂದು ಪುಸ್ತಕ 'ಬೂಖ಼್'. ಹಲವು ಪುಸ್ತಕಗಳಾದಾಗ ಸ್ವರ ಮುಂದಕ್ಕೆ ಸರಿಯುವುದರಿಂದ 'ಬ್ಯೂಹ್ಯರ್'.

ಇನ್ನು 'ರ'ಕಾರ. ಇಂದಿನ ಶಿಷ್ಟ ಜರ್ಮನ್ನಿನಲ್ಲಿ ಅದು ಹುಟ್ಟುವುದು ಕಿರುನಾಲಿಗೆಯ ಬಳಿ. ನೆಗಡಿಯಾದಾಗ ಉಪ್ಪುನೀರನ್ನು ಗಂಟಲಲ್ಲಿ ಗಳಗಳ ಎನಿಸುತ್ತೇವಲ್ಲ, ಆಗ ಅಲುಗುವ ಜಾಗವೇ ಅದು. ಮೊದಲು ನೀರಿಟ್ಟುಕೊಂಡು, ಆಮೇಲೆ ನೀರಿಲ್ಲದೆ ಅದೇ ಸದ್ದನ್ನು ಮೆಲ್ಲಗೆ ಮಾಡಿ, ಮುಂದೆ 'ಆ' ಸೇರಿಸಬೇಕು. ಇದು ಬಾರದಿದ್ದರೂ ಎದೆಗುಂದಬೇಕಾಗಿಲ್ಲ. ಥಿಯೋಡೋರ್ ಸೀಬ್ಸ್ 1898ರಲ್ಲಿ ಜರ್ಮನ್ ರಂಗಭೂಮಿಗೆ ಉಚ್ಚಾರದ ನಿಯಮಗಳನ್ನು ರೂಪಿಸಿದಾಗ ನಾಲಿಗೆಯ ತುದಿಯ 'ರ'ಕಾರವನ್ನೇ ಒಪ್ಪಿದ್ದರು. ಬವೇರಿಯಾ ಪ್ರಾಂತದಲ್ಲಿ ಇಂದಿಗೂ ಅನೇಕರು ಹಾಗೆಯೇ ಮಾತಾಡುತ್ತಾರೆ. ಕನ್ನಡದ 'ರ' ಅಲ್ಲಿ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ.

ಅರ್ಥವನ್ನೇ ಕೆಡಿಸುವ ಧ್ವನಿಗಳಿಗೆ ಮೊದಲ ಗಮನ ಸಲ್ಲಬೇಕು. 'ನಾವು' ಎಂಬುದಕ್ಕೆ 'ವೀರ್', ನಾಲ್ಕು ಎಂಬುದಕ್ಕೆ 'ಫ಼ೀರ್'. ಇವೆರಡಕ್ಕೂ ಮೇಲಿನ ಹಲ್ಲು ಕೆಳತುಟಿಯನ್ನು ತಾಕಲೇಬೇಕು. 'ರೈಜ಼ೆನ್' ಎಂದರೆ ಪ್ರಯಾಣ ಮಾಡುವುದು, 'ರೈಸೆನ್' ಎಂದರೆ ಹರಿಯುವುದು, ಬಟ್ಟೆ ಹರಿದಂತೆ. ಗಂಟಲಮಣಿಯ ಮೇಲೆ ಬೆರಳಿಟ್ಟರೆ 'ಜ಼'ಕಾರದಲ್ಲಿ ಜೇನುಹುಳುವಿನಂಥ ಕಂಪನ ತಿಳಿಯುತ್ತದೆ, 'ಸ'ಕಾರದಲ್ಲಿ ಇಲ್ಲ. 'ಝಡ್' ಅಕ್ಷರವನ್ನು ಜರ್ಮನರು 'ತ್ಸ' ಎನ್ನುತ್ತಾರೆ. ಇದಕ್ಕೆ 'ಉತ್ಸಾಹ' ಎಂದು ಹೇಳಿ ಮೊದಲ 'ಉ'ವನ್ನು ನುಂಗಿಕೊಂಡರೆ ಆಯಿತು.

ಪದದ ಕೊನೆ ಕನ್ನಡಿಗರಿಗೆ ಇನ್ನೊಂದು ತೊಡಕು. ಬಸ್ಸು, ಕಾರು, ಬೆಂಚು ಎಂದು ಎಲ್ಲಕ್ಕೂ ಸ್ವರ ಹಚ್ಚುವುದು ನಮ್ಮ ರೂಢಿ. ಜರ್ಮನ್ ಪದಗಳು ವ್ಯಂಜನದಲ್ಲೇ ಥಟ್ಟನೆ ನಿಲ್ಲುತ್ತವೆ, ಜೊತೆಗೆ ಕೊನೆಯ ಗ, ದ, ಬಗಳು ಕ, ಟ, ಪ ಆಗುತ್ತವೆ. ದಿನಕ್ಕೆ 'ಟಾಕ್', ದಿನಗಳಿಗೆ 'ಟಾಗೆ'. ಶರದೃತುವಿಗೆ 'ಹೆರ್ಪ್ಸ್ಟ್'. ಇಂಥ ಪದವನ್ನು ಹಿಂದಿನಿಂದ ಕಟ್ಟಿಕೊಂಡು ಬರಬೇಕು: ಸ್ಟ್, ಪ್ಸ್ಟ್, ಎರ್ಪ್ಸ್ಟ್, ಹೆರ್ಪ್ಸ್ಟ್. ಹ್ರಸ್ವ-ದೀರ್ಘಗಳ ವಿಷಯದಲ್ಲಿ ಮಾತ್ರ ಕನ್ನಡ ಕಲಿತ ಕಿವಿಗೆ ಲಾಭ. ನಗರ 'ಶ್ಟಟ್', ರಾಜ್ಯ 'ಶ್ಟಾಟ್' ಎಂದರೆ ನಮ್ಮವರಿಗೆ ಗೊಂದಲವಾಗುವುದಿಲ್ಲ.

ಇಷ್ಟೆಲ್ಲ ಏಕೆ ಎಂದು ಪೋಷಕರು ಕೇಳಬಹುದು. ಹದಿನಾಲ್ಕಕ್ಕೆ ಜರ್ಮನ್ನಿನಲ್ಲಿ 'ಫ಼ಿರ್ತ್ಸೇನ್', ನಲವತ್ತಕ್ಕೆ 'ಫ಼ಿರ್ತ್ಸಿಹ್ಯ್'. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣ ಹೇಳುವ ದಾದಿಗೆ ಈ ಕೊನೆಯ ಅಕ್ಷರ ಎಷ್ಟು ಮುಖ್ಯವೆಂದು ವಿವರಿಸಬೇಕಾಗಿಲ್ಲ. ಎರಡಕ್ಕಿರುವ 'ತ್ಸ್ವೈ', ಮೂರಕ್ಕಿರುವ 'ಡ್ರೈ' ಕಲಸಿಹೋಗಬಾರದೆಂದು ಜರ್ಮನರೇ ಫೋನಿನಲ್ಲಿ ಎರಡಕ್ಕೆ 'ತ್ಸ್ವೋ' ಎನ್ನುವುದುಂಟು. ಆಡುವವರೇ ಎಚ್ಚರ ವಹಿಸುವಲ್ಲಿ ಕಲಿಯುವವರು ಉದಾಸೀನ ಮಾಡಲಾಗದು.

ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೆ ಒಂದೇ ಧ್ವನಿ, ನಾಲ್ಕೈದು ಪದಜೋಡಿಗಳು. ಡಾಯ್ಚ ವೆಲ್ಲ ಸಂಸ್ಥೆಯ ಉಚಿತ ಪಾಠಗಳಲ್ಲಿ ಹೆಂಗಸರು, ಗಂಡಸರು, ಹಲವರ ಕಂಠ ಕೇಳಬಹುದು. ತಮ್ಮ ಉಚ್ಚಾರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೂಲದೊಂದಿಗೆ ಹೋಲಿಸಬೇಕು. ಜೋಡಿಯ ಎರಡು ಪದಗಳಲ್ಲಿ ಯಾವುದನ್ನು ಹೇಳಿದ್ದೆಂದು ಗೆಳೆಯನೊಬ್ಬ ತಪ್ಪಿಲ್ಲದೆ ಗುರುತಿಸಿದರೆ ಆ ವಾರದ ಪಾಠ ಮುಗಿದಂತೆ.

ತಂದೆತಾಯಿಯರ ಪಾಲಿನದು ಇನ್ನೂ ಸಣ್ಣ ಕೆಲಸ. ಬಚ್ಚಲಿನಲ್ಲಿ ಮಗ ಗಂಟಲು ಗಳಗಳಿಸಿದರೆ, ಕನ್ನಡಿಯ ಮುಂದೆ ಮಗಳು ಬೆಕ್ಕಿನಂತೆ ಸದ್ದು ಮಾಡಿದರೆ ನಗದಿರುವುದು. 1853ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಫರ್ಡಿನಾಂಡ್ ಕಿಟೆಲರಿಗೆ ಅವರ ತಾಯ್ನುಡಿಯಲ್ಲಿ 'ಳ' ಇರಲಿಲ್ಲ, 'ಣ' ಇರಲಿಲ್ಲ. ಆ ನಾಲಿಗೆಯೂ ಹೀಗೆಯೇ ಹೊಸ ಜಾಗಗಳನ್ನು ಹುಡುಕಿಕೊಂಡಿರಬೇಕು. 1894ರಲ್ಲಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಕನ್ನಡಿಗರು ಇಂದಿಗೂ ತೆರೆದು ನೋಡುತ್ತಾರೆ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಅವರಿಗೂ ಸಂದದ್ದೇ, ನಮ್ಮ ಮಕ್ಕಳಿಗೂ ಸಲ್ಲುವುದೇ.