ಗಾಲಿಯ ನಟ್: ಬಲ ಒಂದೇ ಸಾಲದು

ನಮ್ಮ ಆರ್.ಎಚ್. ಕ್ಯಾಂಪಿನಲ್ಲಿ ಕಾರು ಪಂಚರ್ ಆದರೆ ಮನೆಯಲ್ಲೇ ಗಾಲಿ ಬದಲಿಸುತ್ತಾರೆ. ಕೆಲವರು ಪಾನಾ ಮೇಲೆ ನಿಂತು ಕುಣಿದು ನಟ್ ಬಿಗಿಯುತ್ತಾರೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ. ಅತಿಯಾಗಿ ಬಿಗಿದರೆ ಬೋಲ್ಟ್ ಮುರಿಯಬಹುದು. ಮುಂದೆ ದಾರಿಯಲ್ಲಿ ಬಿಚ್ಚಲಿಕ್ಕೂ ಬರೋದಿಲ್ಲ. ಸಡಿಲ ಬಿಟ್ಟರೆ ಗಾಲಿಯೇ ಕಳಚುತ್ತದೆ.

ಮೊದಲು ಎಲ್ಲಾ ನಟ್ ಕೈಯಿಂದ ತಿರುಗಿಸಬೇಕು. ಎಣ್ಣೆ ಹಚ್ಚಬಾರದು. ಐದು ನಟ್ ಇದ್ದರೆ ಸಾಲಾಗಿ ಬಿಗಿಯದೆ ಒಂದೊಂದು ಬಿಟ್ಟು ಬಿಗಿಯಬೇಕು, ನಾವು ಪಾಟಿ ಮೇಲೆ ಚುಕ್ಕಿ ಬಿಡಿಸಿದಂಗೆ. ಆಗ ಗಾಲಿ ಸಮನಾಗಿ ಕೂಡುತ್ತದೆ. ಜಾಕ್ ಇಳಿಸಿ, ಗಾಲಿ ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿಯಬೇಕು. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಅದೇ ಕಾರಿನಲ್ಲಿ ನಮ್ಮ ಅಜ್ಜ ಅಜ್ಜಿ ಸಿಂಧನೂರಿನ ಆಸ್ಪತ್ರೆಗೆ ಹೋಗುತ್ತಾರೆ. ಆದ್ದರಿಂದ ಗೆಳೆಯರೇ, ಮನೆಯಲ್ಲಿ ದೊಡ್ಡವರಿಗೆ ಇದನ್ನು ತಪ್ಪದೇ ಹೇಳಿರಿ.